ಸಮಚಿಹ್ನೆಯ ಅರ್ಥ: ಹ್ಯಾಸ್ಕೆಲ್ ಭಾಷೆಯಲ್ಲಿ ಸಾರ್ವತ್ರಿಕ ಸ್ಥಿತಿ

ಬೀಜಗಣಿತದಲ್ಲಿ ಆದೇಶ ವಿಧಾನವೆಂಬುದೊಂದುಂಟು. ರ = ೨ಯ + ೧ ಎಂದು ಒಂದು ಸಮೀಕರಣದಿಂದ ತಿಳಿದರೆ, ಇನ್ನೊಂದು ಸಮೀಕರಣದಲ್ಲಿ ರ ಬಂದೆಡೆಯಲ್ಲೆಲ್ಲ ನಾವು ೨ಯ + ೧ ಎಂಬುದನ್ನು ನಿಸ್ಸಂಕೋಚವಾಗಿ ಇಡುತ್ತೇವೆ. ವ್ಯಾಕರಣದ ಆದೇಶಸಂಧಿಯಲ್ಲಿ ಕಕಾರದ ಸ್ಥಾನಕ್ಕೆ ಗಕಾರವು ಬರುವಂತೆ ಇಲ್ಲಿಯೂ ಒಂದರ ಸ್ಥಾನಕ್ಕೆ ಮತ್ತೊಂದು ಬರುತ್ತದೆ. ಬೆಲೆ ಮಾತ್ರ ಕಿಂಚಿತ್ತೂ ಬದಲಾಗುವುದಿಲ್ಲ. ಸಮಚಿಹ್ನೆಯು ನಮಗೆ ಕೊಟ್ಟಿರುವ ಸ್ವಾತಂತ್ರ್ಯವಿದು.

ಆದರೆ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯಲು ಕಲಿಯುವ ವಿದ್ಯಾರ್ಥಿಯು ಮೊದಲ ಪಾಠಗಳಲ್ಲಿಯೇ 'ಯ = ಯ + ೧' ಎಂಬ ವಿಚಿತ್ರ ವಾಕ್ಯವನ್ನು ಕಾಣುತ್ತಾನೆ. ಎರಡು ಕಡೆಯಿಂದಲೂ ಯ ಕಳೆದರೆ ಸೊನ್ನೆಯು ಒಂದಕ್ಕೆ ಸಮವಾಗಬೇಕಷ್ಟೆ! ನಿಜಕ್ಕೂ ಇದು ಸಮೀಕರಣವಲ್ಲ, ಒಂದು ಅಪ್ಪಣೆ: ಯ ಎಂಬ ಹೆಸರಿನ ಡಬ್ಬಿಯಲ್ಲಿರುವ ಸಂಖ್ಯೆಯನ್ನು ತೆಗೆದು, ಒಂದು ಕೂಡಿಸಿ, ಮರಳಿ ಅದರಲ್ಲಿಯೇ ಇಡು ಎಂದು ಇದರ ಅರ್ಥ. ಇಂತಹ ಡಬ್ಬಿಗಳಲ್ಲಿ ಒಂದು ಕ್ಷಣದಲ್ಲಿ ಏನೇನಿದೆಯೋ ಅದಕ್ಕೆ ಕ್ರಮವಿಧಿಯ ಸ್ಥಿತಿ ಎಂದು ಹೆಸರು. ಕ್ರಮವಿಧಿಯ ಯಾವ ಭಾಗ ಬೇಕಾದರೂ ಕೈಹಾಕಬಹುದಾದ ಡಬ್ಬಿಯಿದ್ದರೆ ಅದು ಸಾರ್ವತ್ರಿಕ ಸ್ಥಿತಿ.

ಇದರಲ್ಲಿ ಕೆಡುಕೇನು? ಭೌತಶಾಸ್ತ್ರದ ಪ್ರಯೋಗಶಾಲೆಗೆ ಒಮ್ಮೆ ಬನ್ನಿರಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ೧೦೦ ಓಮ್ ರೋಧವುಳ್ಳ ತಾಮ್ರದ ಸುರುಳಿಯನ್ನು ೨೫ ಡಿಗ್ರಿಯಲ್ಲಿ ಅಳೆದರೆ ಸುಮಾರು ೧೧೦ ಓಮ್ ದೊರೆಯುತ್ತದೆ. ಬೆಳಗಿನ ತಂಡವೂ ಮಧ್ಯಾಹ್ನದ ತಂಡವೂ ಉಷ್ಣತೆಯನ್ನು ಗುರುತು ಹಾಕದೆ ಬರಿಯ ರೋಧವನ್ನು ಬರೆದಿಟ್ಟರೆ ಎರಡು ಉತ್ತರಗಳು ಕೂಡುವುದಿಲ್ಲ. ಅಳತೆಯಲ್ಲಿ ಮಾತ್ರ ಯಾರದೂ ತಪ್ಪಿಲ್ಲ. ರೋಧವು ಉಷ್ಣತೆಯ ಫಲನ. ಆ ಚರವನ್ನು ಪಟ್ಟಿಯಲ್ಲಿ ಕಾಣಿಸದೆ ಅಡಗಿಸಿದುದೇ ಗೊಂದಲಕ್ಕೆ ಕಾರಣ. ಸಾರ್ವತ್ರಿಕ ಡಬ್ಬಿಯೂ ಇಂತಹ ಅಡಗಿದ ಚರವೇ. ಗುರುತ್ವ ವೇಗೋತ್ಕರ್ಷದಂತೆ ಬದಲಾಗದ ಬೆಲೆಯನ್ನು ಎಲ್ಲರೂ ಬಳಸುವುದರಲ್ಲಿ ಯಾರಿಗೂ ಆಕ್ಷೇಪವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಜಗಳವಿರುವುದು ಬದಲಾಗುವ ಬೆಲೆಯೊಡನೆ.

ಸಮಚಿಹ್ನೆಗೆ ಅದರ ಹಳೆಯ ಅರ್ಥವನ್ನು ಮರಳಿ ಕೊಡಬೇಕೆಂದು ಹಟ ಹಿಡಿದ ಭಾಷೆಗಳಲ್ಲಿ ಹ್ಯಾಸ್ಕೆಲ್ ಮುಖ್ಯವಾದುದು. ೧೯೮೭ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಸೇರಿದ ವಿದ್ವಾಂಸರು ಇದಕ್ಕೆ ಬುನಾದಿ ಹಾಕಿದರು. ಮೊದಲ ವರದಿ ೧೯೯೦ರಲ್ಲಿ ಹೊರಬಿತ್ತು. ಹೆಸರು ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರದು. ಈ ಭಾಷೆಯಲ್ಲಿ ಫಲನದ ಬೆಲೆಯು ಅದಕ್ಕೆ ಕೊಟ್ಟ ಚರಗಳನ್ನು ಮಾತ್ರ ಅವಲಂಬಿಸುತ್ತದೆ. ಪ್ರತಿಯೊಂದು ಫಲನಕ್ಕೂ ಒಂದು ಟೈಪ್, ಎಂದರೆ ಬಗೆ, ಇರುತ್ತದೆ: ಏನನ್ನು ಕೊಳ್ಳುತ್ತದೆ, ಏನನ್ನು ಕೊಡುತ್ತದೆ ಎಂಬ ಘೋಷಣೆ. ಇದು ನಮ್ಮ ಏಕಮಾನಗಳ ಪರಿಶೀಲನೆಯಂತೆಯೇ. ಮೀಟರಿಗೆ ಸೆಕೆಂಡನ್ನು ಕೂಡಿಸಿದವನ ಉತ್ತರವನ್ನು ಲೆಕ್ಕ ನೋಡದೆಯೇ ತಪ್ಪೆನ್ನಬಹುದು. ಬಗೆ ತಪ್ಪಿದ ಕ್ರಮವಿಧಿಯನ್ನು ಕಂಪೈಲರ್ ನಡೆಸುವ ಮೊದಲೇ ತಿರಸ್ಕರಿಸುತ್ತದೆ. ಏಕಮಾನದ ಅಜಾಗರೂಕತೆಗೆ ಬೆಲೆಯುಂಟು. ೧೯೯೯ರಲ್ಲಿ ಮಂಗಳ ಗ್ರಹವನ್ನು ತಲುಪಿದ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು ನಷ್ಟವಾದುದು, ನ್ಯೂಟನ್-ಸೆಕೆಂಡುಗಳಲ್ಲಿರಬೇಕಾದ ಸಂಖ್ಯೆಗಳು ಪೌಂಡ್-ಸೆಕೆಂಡುಗಳಲ್ಲಿ ಬಂದುದರಿಂದ. ಎರಡರ ನಡುವಿನ ಅಂತರ ಸುಮಾರು ೪.೪೫ ಪಟ್ಟು.

ಈಗ ಒಂದು ಸಣ್ಣ ಲೆಕ್ಕ. ಪಗಡೆಯಾಟಕ್ಕೆ ಯಾದೃಚ್ಛಿಕ ಸಂಖ್ಯೆಗಳು ಬೇಕಾಗಿವೆ ಎನ್ನೋಣ. ಹಿಂದಿನ ಸಂಖ್ಯೆಯನ್ನು ೫ರಿಂದ ಗುಣಿಸಿ, ೩ ಕೂಡಿಸಿ, ೧೬ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳಿರಿ. ೭ರಿಂದ ಹೊರಟರೆ ೬, ೧, ೮, ೧೧ ಹೀಗೆ ಸಾಗುತ್ತದೆ. (ನಿಜವಾದ ಕ್ರಮವಿಧಿಗಳಲ್ಲಿ ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಗಳಿರುತ್ತವೆ.) ಸಾಮಾನ್ಯ ಭಾಷೆಗಳಲ್ಲಿ ಹಿಂದಿನ ಸಂಖ್ಯೆಯು ಒಂದು ಸಾರ್ವತ್ರಿಕ ಡಬ್ಬಿಯಲ್ಲಿ ಕುಳಿತಿರುತ್ತದೆ. 'ಸಂಖ್ಯೆ ಕೊಡು' ಎಂದರೆ ಮೊದಲು ೬, ಮತ್ತೆ ಅದೇ ಮಾತನ್ನು ಕೇಳಿದರೆ ೧. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದಮೇಲೆ ಇದು ಗಣಿತದ ಫಲನವಲ್ಲ. ಹ್ಯಾಸ್ಕೆಲ್ ರೀತಿಯಲ್ಲಿ ಫಲನವು ಬೀಜಸಂಖ್ಯೆಯನ್ನು ಕೈಯಲ್ಲಿ ಪಡೆದು, ಉತ್ತರವನ್ನೂ ಹೊಸ ಬೀಜವನ್ನೂ ಜೋಡಿಯಾಗಿ ಹಿಂದಿರುಗಿಸುತ್ತದೆ. ಬೀಜ ೭ ಆದರೆ ಉತ್ತರ ಎಂದೆಂದಿಗೂ ೬. ಮುಂದಿನ ಸಂಖ್ಯೆ ಬೇಕಾದವನು ಹೊಸ ಬೀಜವನ್ನು ಮುಂದಕ್ಕೆ ದಾಟಿಸಬೇಕು.

ತೊಡಕಿರುವುದು ಈ ದಾಟಿಸುವಿಕೆಯಲ್ಲಿ. ದೊಡ್ಡ ಕ್ರಮವಿಧಿಯ ತಳದಲ್ಲಿರುವ ಯಾವುದೋ ಒಂದು ಫಲನಕ್ಕೆ ಬೀಜ ಬೇಕಾದರೆ, ಮೇಲಿನಿಂದ ಅಲ್ಲಿಯವರೆಗಿನ ಫಲನಗಳೆಲ್ಲವೂ, ಬೆಂಕಿ ಬಿದ್ದ ಮನೆಯ ಮುಂದೆ ಸಾಲಾಗಿ ನಿಂತು ಕೊಡ ದಾಟಿಸುವವರಂತೆ, ತಮಗೆ ಬೇಡದ ವಸ್ತುವನ್ನು ಹೊರಬೇಕಾಗುತ್ತದೆ. ಅವುಗಳೆಲ್ಲದರ ಬಗೆಯೂ ಬದಲಾಗಬೇಕು. ಓದುವುದು, ಮುದ್ರಿಸುವುದು, ಡಬ್ಬಿಯನ್ನು ತೆರೆಯುವುದು ಮೊದಲಾದ ಕ್ರಿಯೆಗಳ ಮಟ್ಟಿಗೆ ಹ್ಯಾಸ್ಕೆಲ್ ಒಂದು ಸೊಗಸಾದ ದಾರಿಯನ್ನು ಕಂಡುಕೊಂಡಿತು. ಯುಜೀನಿಯೋ ಮೊಗ್ಗಿಯವರ ಗಣಿತವನ್ನು ಆಧರಿಸಿ ಫಿಲಿಪ್ ವಾಡ್ಲರ್ ಮತ್ತು ಸೈಮನ್ ಪೇಟನ್ ಜೋನ್ಸ್ ೧೯೯೩ರಲ್ಲಿ ವಿವರಿಸಿದ ಈ ಕ್ರಮದಲ್ಲಿ, ಪೂರ್ಣಾಂಕವೆಂಬುದು ಒಂದು ಬಗೆ, ಪೂರ್ಣಾಂಕವನ್ನು ತಂದುಕೊಡುವ ಕ್ರಿಯೆ ಎಂಬುದು ಬೇರೆಯೇ ಬಗೆ. ಎರಡನ್ನೂ ಬೆರೆಸಲು ಕಂಪೈಲರ್ ಬಿಡದು. ಡಬ್ಬಿಗಳೂ ಈ ಏರ್ಪಾಟಿನಲ್ಲಿ ದೊರೆಯುತ್ತವೆ. ಆದರೆ ಡಬ್ಬಿಯನ್ನು ಮಾಡುವುದೂ ಒಂದು ಕ್ರಿಯೆಯಾದುದರಿಂದ, ಅದನ್ನು ಎಲ್ಲ ಫಲನಗಳ ಹೊರಗೆ, ಎಲ್ಲರಿಗೂ ಕಾಣುವಂತೆ ಇಡಲು ಭಾಷೆಯಲ್ಲಿ ನೇರವಾದ ಮಾರ್ಗವಿಲ್ಲ.

ನೇರ ಮಾರ್ಗವಿಲ್ಲದಲ್ಲಿ ಕಳ್ಳದಾರಿ ಹುಟ್ಟಿತು. 'ಅನ್‌ಸೇಫ್‌ಪರ್ಫಾರ್ಮ್‌ಐಓ' ಎಂಬ ಹೆಸರಿನ ಸಾಧನವೊಂದು ಕ್ರಿಯೆಯನ್ನು ಗುಟ್ಟಾಗಿ ನಡೆಸಿ ಅದರ ಫಲವನ್ನು ಶುದ್ಧ ಬೆಲೆಯೆಂದು ಸುಳ್ಳು ಹೇಳಿ ಒಪ್ಪಿಸುತ್ತದೆ; ಅಸುರಕ್ಷಿತವೆಂಬ ಎಚ್ಚರಿಕೆ ಅದರ ಹೆಸರಿನಲ್ಲಿಯೇ ಇದೆ. ಇದನ್ನು ಬಳಸಿ 'ಎಣಿಕೆ = ಸೊನ್ನೆಯುಳ್ಳ ಹೊಸ ಡಬ್ಬಿ' ಎಂದು ಬರೆದೆವೆನ್ನಿ. ಕಂಪೈಲರ್ ಬೀಜಗಣಿತವನ್ನು ನಂಬಿದ ಯಂತ್ರ. ಎರಡು ಸ್ಥಳಗಳಲ್ಲಿ ಬಂದ 'ಎಣಿಕೆ'ಯ ಬದಲಿಗೆ ಅದು ಬಲಭಾಗವನ್ನೇ ಆದೇಶಿಸಬಹುದು. ಆಗ ಎರಡು ಸ್ಥಳಗಳಲ್ಲಿಯೂ ಹೊಸ ಡಬ್ಬಿ ಹುಟ್ಟುತ್ತದೆ. ಒಬ್ಬನು ಒಂದರಲ್ಲಿ ಕೂಡಿಸುತ್ತಾನೆ, ಇನ್ನೊಬ್ಬನು ಮತ್ತೊಂದರಲ್ಲಿ ಸೊನ್ನೆಯನ್ನೇ ಓದುತ್ತಾನೆ. ಇದಕ್ಕೆ ವಿಲೋಮವೂ ಉಂಟು. 'ಒಳಬಂದವರು', 'ಹೊರಹೋದವರು' ಎಂದು ಎರಡು ಡಬ್ಬಿಗಳನ್ನು ಇಟ್ಟರೆ ಎರಡರ ಬಲಭಾಗವೂ ಅಕ್ಷರಶಃ ಒಂದೇ. ಸಮವಾದುವು ಒಂದೇ ಅಲ್ಲವೆ ಎಂದು ಕಂಪೈಲರ್ ಎರಡನ್ನೂ ಕೂಡಿಸಿ ಒಂದೇ ಡಬ್ಬಿಯನ್ನಾಗಿ ಮಾಡಬಹುದು! ಆದ್ದರಿಂದ 'ಇಲ್ಲಿ ಆದೇಶಿಸಕೂಡದು', 'ಇಲ್ಲಿ ಒಂದುಗೂಡಿಸಕೂಡದು' ಎಂಬ ಸೂಚನೆಗಳನ್ನು ಕ್ರಮವಿಧಿಕಾರನು ಕೈಯಾರೆ ಕೊಡಬೇಕಾಗುತ್ತದೆ. ಸಮಚಿಹ್ನೆಗಾಗಿಯೇ ಹುಟ್ಟಿದ ಭಾಷೆಯಲ್ಲಿ ಸಮಚಿಹ್ನೆಯನ್ನು ನಂಬಬೇಡವೆಂದು ಬರೆಯುವುದು ವಿಪರ್ಯಾಸವೇ ಸರಿ.

ಬಗೆಗಳ ಕೋಟೆಯಲ್ಲಿಯೂ ಇದರಿಂದ ಬಿರುಕು ಬೀಳುತ್ತದೆ. ಖಾಲಿ ಪಟ್ಟಿಯನ್ನು ಸಂಖ್ಯೆಗಳ ಪಟ್ಟಿಯೆಂದೂ ಅಕ್ಷರಗಳ ಪಟ್ಟಿಯೆಂದೂ ಎಣಿಸಬಹುದು. ಅದರ ಬಗೆ 'ಯಾವುದಾದರೊಂದರ ಪಟ್ಟಿ'. ಇಂತಹ ಪಟ್ಟಿಯುಳ್ಳ ಸಾರ್ವತ್ರಿಕ ಡಬ್ಬಿಯನ್ನು ಕಳ್ಳದಾರಿಯಿಂದ ಮಾಡಿದರೆ, ಒಬ್ಬನು ಸಂಖ್ಯೆಗಳನ್ನು ಹಾಕಿ, ಇನ್ನೊಬ್ಬನು ಅವನ್ನೇ ಅಕ್ಷರಗಳೆಂದು ತೆಗೆಯಬಹುದು. ಕಂಪೈಲರ್ ಚಕಾರವೆತ್ತುವುದಿಲ್ಲ, ಕ್ರಮವಿಧಿಯು ನಡೆಯುವಾಗ ಮುರಿದು ಬೀಳುತ್ತದೆ. ರಾಬಿನ್ ಮಿಲ್ನರ್ ಅವರ ಎಂಎಲ್ ಭಾಷೆಯು ಇದೇ ಅಪಾಯವನ್ನು ಮೊದಲೇ ಎದುರಿಸಿ, ಯಾವ ಬಲಭಾಗಕ್ಕೆ ಇಂತಹ ವ್ಯಾಪಕ ಬಗೆಯನ್ನು ಕೊಡಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿಯನ್ನು ಹಾಕಿಕೊಂಡಿತ್ತು.

ಹಾಗಾದರೆ ಸಾರ್ವತ್ರಿಕ ಡಬ್ಬಿಯನ್ನು ಬಹಿಷ್ಕರಿಸೋಣವೆ? ಪ್ರತಿಪಕ್ಷದವರ ವಾದ ಹಗುರವಾದುದಲ್ಲ. ಕೀಲಿಮಣೆ, ಪರದೆ ಇವು ಸ್ವಭಾವದಿಂದಲೇ ಕ್ರಮವಿಧಿಗೆ ಒಂದೊಂದೇ. ಹ್ಯಾಸ್ಕೆಲ್‌ನ ಸ್ವಂತ ಗ್ರಂಥಾಲಯದಲ್ಲಿ ಅವುಗಳ ಹಿಡಿಕೆಗಳೂ, ಯಾದೃಚ್ಛಿಕ ಸಂಖ್ಯೆಗಳ ಸಾರ್ವತ್ರಿಕ ಬೀಜವೂ ಆ ಕಳ್ಳದಾರಿಯಿಂದಲೇ ಬಂದಿವೆ. ಊರಿಗೆಲ್ಲ ನಿಷೇಧಿಸಿದ ದಾರಿಯಲ್ಲಿ ಊರಗೌಡನೇ ಓಡಾಡಿದಂತಾಯಿತು. ಜಾನ್ ಹ್ಯೂಸ್ ೨೦೦೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಳಕೆಯಲ್ಲಿದ್ದ ಉಪಾಯಗಳಲ್ಲಿ ಯಾವುದೂ ತೃಪ್ತಿಕರವಲ್ಲವೆಂದು ತೋರಿಸಿ, ಡಬ್ಬಿಯನ್ನು ಕಂಪೈಲರ್ ತಾನೇ ಫಲನದಿಂದ ಫಲನಕ್ಕೆ ದಾಟಿಸುವ ಒಂದು ಕ್ರಮವನ್ನು ಸೂಚಿಸಿದರು. ಕೈಯಿಂದ ಕೊಡ ದಾಟಿಸುವ ಶ್ರಮ ತಪ್ಪುತ್ತದೆ. ಆದರೆ ಪ್ರತಿ ಫಲನದ ಬಗೆಯಲ್ಲಿಯೂ ಡಬ್ಬಿಯ ಹೆಸರು ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ದೋಷವಲ್ಲ, ಗುಣ; ಉಷ್ಣತೆಯನ್ನು ಪಟ್ಟಿಯ ತಲೆಯಲ್ಲಿ ಬರೆದಂತೆ. ಇನ್ನು ಕೆಲವರು ಡಬ್ಬಿ ಮಾಡುವ ಕ್ರಿಯೆಯನ್ನಷ್ಟೇ ಹೊರಗಡೆ ಘೋಷಿಸಲು ಹೊಸ ವಾಕ್ಯರೂಪವನ್ನು ಕೇಳಿದರು. ೨೦೧೦ರ ಭಾಷಾ ವರದಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ.

ಒಳಗಿನ ಡಬ್ಬಿಯ ಪ್ರಶ್ನೆಯಾದರೋ ಆ ವೇಳೆಗೆ ಬಗೆಹರಿದಿತ್ತು. ೧೯೯೪ರಲ್ಲಿ ಜಾನ್ ಲಾಂಚ್‌ಬರಿ ಮತ್ತು ಪೇಟನ್ ಜೋನ್ಸ್ ಪ್ರತಿಯೊಂದು ಡಬ್ಬಿಯ ಬಗೆಯಲ್ಲಿಯೂ ಅದು ಹುಟ್ಟಿದ ಲೆಕ್ಕದ ಗುರುತನ್ನು ಸೇರಿಸಿದರು. ಆ ಲೆಕ್ಕ ಮುಗಿದಾಗ ಗುರುತಿಗೆ ಹೊರಗೆ ಅರ್ಥವಿಲ್ಲದಿರುವುದರಿಂದ ಡಬ್ಬಿಯನ್ನು ಹೊರಗೆ ಒಯ್ಯುವ ಕ್ರಮವಿಧಿಯನ್ನು ಕಂಪೈಲರ್ ಒಪ್ಪುವುದೇ ಇಲ್ಲ; ಒಳಗೆ ಎಷ್ಟು ಬಾರಿ 'ಯ = ಯ + ೧' ನಡೆದರೂ ಹೊರಗಿನವರಿಗೆ ಕಾಣುವುದು ಶುದ್ಧವಾದ ಫಲನ ಮಾತ್ರ. ಸಾರ್ವತ್ರಿಕ ಡಬ್ಬಿಗೆ ಇಂತಹ ಒಳಹೊರಗಿನ ಗೋಡೆಯಿಲ್ಲವಾದುದರಿಂದ ಈ ಯುಕ್ತಿಯು ಅಲ್ಲಿ ಸಲ್ಲುವುದಿಲ್ಲ. ಅಲ್ಲಿ ಇಂದಿಗೂ ಆ ಕಳ್ಳದಾರಿಯೂ 'ಆದೇಶಿಸಕೂಡದು' ಎಂಬ ಸೂಚನೆಯೂ ಜೊತೆಜೊತೆಯಾಗಿ ನಡೆದಿವೆ.