ರೋಗದ ಜಾಡು ಹಿಡಿಯುವವರ ತರಬೇತಿ

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1951ರಲ್ಲಿ, ಕೊರಿಯಾ ಯುದ್ಧದ ಹೊತ್ತಿನ ಜೈವಿಕ ದಾಳಿಯ ಭೀತಿಯಲ್ಲಿ, ‘ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್’ (ಇಐಎಸ್) ಎಂಬ ತರಬೇತಿ ಕಾರ್ಯಕ್ರಮ ಆರಂಭಿಸಿತು. ರೂವಾರಿ ಅಲೆಕ್ಸಾಂಡರ್ ಲ್ಯಾಂಗ್‌ಮುಯಿರ್. ಇದರ ಲಾಂಛನದಲ್ಲಿರುವುದು ಸವೆದು ತೂತುಬಿದ್ದ ಬೂಟಿನ ಅಟ್ಟೆ: ಕುರ್ಚಿ ಬಿಟ್ಟು ಊರೂರು ಅಲೆಯುವ ಕೆಲಸವಿದು. ಥಾಯ್ಲೆಂಡ್ 1980ರಲ್ಲಿ ಇಂಥದೇ ತರಬೇತಿ ಶುರುಮಾಡಿತು.

ಭಾರತದಲ್ಲಿ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ 2001ರಿಂದ ಇಂಥ ತರಬೇತಿ ನೀಡುತ್ತಿದೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ (ಎನ್‌ಸಿಡಿಸಿ) ‘ಇಂಡಿಯಾ ಇಐಎಸ್’ 2012ರಲ್ಲಿ ಬಂತು. ಅವಧಿ 2 ವರ್ಷ; ಪಾಠ ಕಡಿಮೆ, ಕ್ಷೇತ್ರಕಾರ್ಯವೇ ಹೆಚ್ಚು.

ಇಂಥ ತರಬೇತಿಯ ಫಲವೇನು? ಬಿಹಾರದ ಮುಜಫರ್‌ಪುರದಲ್ಲಿ ಬೇಸಿಗೆ ಬಂತೆಂದರೆ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿದ್ದರು. 2014ರಲ್ಲಿ ಎನ್‌ಸಿಡಿಸಿ ಮತ್ತು ಸಿಡಿಸಿ ತಂಡ ಅಲ್ಲಿಗೆ ಹೋಯಿತು. ಆ ಋತುವಿನಲ್ಲಿ ಆಸ್ಪತ್ರೆ ಸೇರಿದ 390 ಮಕ್ಕಳಲ್ಲಿ 122 ಮಂದಿ ತೀರಿಕೊಂಡಿದ್ದರು. ಕಾಯಿಲೆಬಿದ್ದ 104 ಮಕ್ಕಳನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳೊಂದಿಗೆ ಹೋಲಿಸಿ, ಹಿಂದಿನ ದಿನ ಏನು ತಿಂದಿದ್ದರು ಎಂದು ವಿಚಾರಿಸಿದರು. ಲಿಚಿ ತಿಂದು, ರಾತ್ರಿ ಉಣ್ಣದೆ ಮಲಗಿದವರಿಗೇ ಅಪಾಯ ಹೆಚ್ಚೆಂದು ತಿಳಿಯಿತು. ಲಿಚಿಯಲ್ಲಿರುವ ಹೈಪೊಗ್ಲೈಸಿನ್-ಎ ಮತ್ತು ಎಂಸಿಪಿಜಿ ಎಂಬ ವಿಷಕಾರಿ ಅಂಶಗಳು ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತವೆ. ಸಲಹೆಯೂ ಸರಳ: ಮಕ್ಕಳಿಗೆ ರಾತ್ರಿಯೂಟ ತಪ್ಪಿಸಬೇಡಿ, ಆಸ್ಪತ್ರೆಗೆ ಬಂದೊಡನೆ ಗ್ಲೂಕೋಸ್ ಕೊಡಿ. ನನ್ನ ಮಟ್ಟಿಗೆ ಇಸವಿಗಳಿಗಿಂತ ಈ ಪ್ರಕರಣವೇ ಮುಖ್ಯ. ಪರೀಕ್ಷೆಯಲ್ಲಿ ವಿವರಣಾತ್ಮಕ ಉತ್ತರಕ್ಕೆ ಇದನ್ನೇ ಬಳಸಿ.

ಗೊಂದಲ ಬೇಡ: ಎನ್‌ಸಿಡಿಸಿಯ ಹಳೆಯ ಹೆಸರು ಎನ್‌ಐಸಿಡಿ, ಹೆಸರು ಬದಲಾದದ್ದು 2009ರಲ್ಲಿ. ಚೆನ್ನೈ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧೀನದ್ದು.