ಬಲವಂತದ ಹಾಡು, ಉಳಿಸಿಕೊಂಡ ಹಾಡು

ಧ್ಯಾನದ ಭಾಗ 137ನೇ ಕೀರ್ತನೆ. ಸತ್ಯವೇದದಲ್ಲೋ ಮೊಬೈಲ್‌ನಲ್ಲೋ ತೆಗೆದುಕೊಳ್ಳಿ.

ಬಾಬೆಲಿಗೆ ಸೆರೆಯಾಗಿ ಹೋದವರ ಹಾಡು ಇದು. ಸೆರೆ ಹಿಡಿದವರೇ ಬಂದು, ನಿಮ್ಮೂರಿನ ಹಾಡು ಹಾಡಿ ಅಂತಾರೆ. ಇವರಿಗೆ ಆಗಲ್ಲ. ವಾದ್ಯಗಳನ್ನು ಮರಕ್ಕೆ ತೂಗುಹಾಕಿ ಅಳ್ತಾರೆ. ಆದರೆ ಗಮನಿಸಿ: ಹಾಡಲಾರೆವು ಅಂದ ಆ ಮಾತೇ ಹಾಡಾಗಿ ಇವತ್ತಿನವರೆಗೂ ಉಳಿದಿದೆ. ಒಂದು ಬಲವಂತದ ಹಾಡು, ಇನ್ನೊಂದು ಉಳಿಸಿಕೊಂಡ ಹಾಡು. ಈ ವ್ಯತ್ಯಾಸವನ್ನು ಅದೇ ಜನಾಂಗದ 20ನೇ ಶತಮಾನದ ಚರಿತ್ರೆಯಲ್ಲಿ ನೋಡೋಣ. ಆಗ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು.

1. ಬಲವಂತದ ಹಾಡು

ಅನೀತಾ ಲಾಸ್ಕರ್ ಎಂಬ ಯೆಹೂದಿ ಹುಡುಗಿ 1943ರ ಕೊನೆಯಲ್ಲಿ ಆಶ್‌ವಿಟ್ಸ್ ಶಿಬಿರಕ್ಕೆ ಬಂದಾಗ ಅವಳಿಗೆ 18 ವರ್ಷ. ತಂದೆತಾಯಿಯನ್ನು ಆಗಲೇ ಕಳಕೊಂಡಿದ್ದಳು. ಚೆಲ್ಲೋ ನುಡಿಸುತ್ತೇನೆ ಅಂದಿದ್ದಕ್ಕೆ ಅವಳನ್ನು ಮಹಿಳಾ ವಾದ್ಯವೃಂದಕ್ಕೆ ಸೇರಿಸಿದರು. ಆ ವೃಂದವನ್ನು ನಡೆಸುತ್ತಿದ್ದವರು ಪಿಟೀಲು ವಾದಕಿ ಆಲ್ಮಾ ರೋಸೆ. ಕೈದಿಗಳು ಬೆಳಿಗ್ಗೆ ಕೂಲಿಗೆ ಹೊರಡುವಾಗ, ಸಂಜೆ ಕುಸಿಯುತ್ತಾ ಮರಳುವಾಗ ಗೇಟಿನ ಬಳಿ ಕವಾಯತು ಸಂಗೀತ ನುಡಿಸುವುದೇ ಇವರ ಕೆಲಸ.

ಸಂಗೀತ ಎಲ್ಲರನ್ನೂ ಸಮಾಧಾನ ಮಾಡುತ್ತೆ ಅಂತ ನಾವು ಸುಲಭವಾಗಿ ಹೇಳ್ತೀವಿ. ಅಲ್ಲಿ ಅದು ಅನೇಕ ಕೈದಿಗಳಿಗೆ ಹಿಂಸೆಯಾಗಿತ್ತು. ನುಡಿಸಿದವರಿಗೆ ಇನ್ನೊಂದು ದಿನದ ಜೀವವಾಗಿತ್ತು. ಆಲ್ಮಾ 1944ರಲ್ಲಿ ಶಿಬಿರದಲ್ಲೇ ತೀರಿಕೊಂಡರು. ಅನೀತಾ 1945ರ ಏಪ್ರಿಲ್‌ನಲ್ಲಿ ಬೆರ್ಗೆನ್-ಬೆಲ್ಸೆನ್‌ನಲ್ಲಿ ಬಿಡುಗಡೆಯಾದರು. ಆಮೇಲೆ ಬ್ರಿಟನ್‌ಗೆ ಹೋಗಿ, ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ದಶಕಗಳ ಕಾಲ ಜರ್ಮನಿಗೆ ಕಾಲಿಡಲಿಲ್ಲ. 2018ರಲ್ಲಿ ಅದೇ ಜರ್ಮನಿಯ ಸಂಸತ್ತಿನಲ್ಲಿ ನಿಂತು ಮಾತಾಡಿದರು. ಅದೇ ಚೆಲ್ಲೋ, ಆದರೆ ಈಗ ಯಾರ ಅಪ್ಪಣೆಗೂ ಅಲ್ಲ.

2. ಉಳಿಸಿಕೊಂಡ ಹಾಡು

ವಿಲ್ನಾ ಗೆಟ್ಟೋದಲ್ಲಿ ಶ್ಮೆರ್ಕೆ ಕಾಚೆರ್ಗಿನ್ಸ್ಕಿ ಎಂಬ ಯಿದ್ದಿಷ್ ಕವಿ ಇದ್ದರು. ಹೆಂಡತಿ ಸತ್ತ ದುಃಖವನ್ನೂ ಹಾಡಾಗಿಯೇ ಬರೆದರು. ಕಾಡಿಗೆ ಓಡಿ ಹೋರಾಟಗಾರರ ಜೊತೆ ಸೇರಿದರು. ಬದುಕಿ ಬಂದ ಮೇಲೆ ಏನು ಮಾಡಿದರು ಗೊತ್ತಾ? ಉಳಿದವರನ್ನು ಹುಡುಕಿ, ನಿಮಗೆ ಯಾವ ಹಾಡು ನೆನಪಿದೆ ಅಂತ ಕೇಳುತ್ತಾ ಹೋದರು. ಬರೆದವರು ಸತ್ತಿದ್ದರು, ಹಾಡಿದವರು ಸತ್ತಿದ್ದರು. ಒಬ್ಬರ ನೆನಪಿನಲ್ಲಿ ಮಾತ್ರ ಹಾಡು ಉಳಿದಿರುತ್ತಿತ್ತು. ಹೀಗೆ ಕೂಡಿಸಿದ 200ಕ್ಕೂ ಹೆಚ್ಚು ಹಾಡುಗಳ ಪುಸ್ತಕ 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಅಚ್ಚಾಯಿತು.

1946ರಲ್ಲಿ ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರಜ್ಞ ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರ ಹೊತ್ತು ಯುರೋಪಿಗೆ ಹೋದರು. ಬದುಕುಳಿದವರ ಮಾತಿನ ಜೊತೆ ಹಾಡುಗಳನ್ನೂ ದಾಖಲಿಸಿದರು. ಫ್ರಾನ್ಸಿನ ಎನೋನ್‌ವಿಲ್‌ನಲ್ಲಿ ಹಾಡಿಸಿದ ಒಂದು ಸುರುಳಿ ಕಳೆದುಹೋಗಿತ್ತು. ಸುಮಾರು 70 ವರ್ಷಗಳ ನಂತರ ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದಲ್ಲಿ ಅದು ಸಿಕ್ಕಿತು. ಆ ದನಿಗಳು ಮತ್ತೆ ಕೇಳಿಸಿದವು.

3. ನಮಗೇನು ಪಾಠ?

ಮೊದಲನೆಯದು, ನೆನಪು ತಾನಾಗಿ ಉಳಿಯಲ್ಲ. ಯಾರೋ ಕೂತು ಕೇಳಬೇಕು, ಬರೆಯಬೇಕು.

ಎರಡನೆಯದು, ಹಾಡಿದವರೆಲ್ಲ ಬದುಕಲಿಲ್ಲ. ತೆರೆಜಿನ್ ಶಿಬಿರದಲ್ಲಿ ಬ್ರುಂಡಿಬಾರ್ ಎಂಬ ಮಕ್ಕಳ ಸಂಗೀತ ನಾಟಕವನ್ನು 55 ಸಾರಿ ಆಡಿದರು. ಅದರ ಸಂಗೀತ ರಚಿಸಿದ ಹಾನ್ಸ್ ಕ್ರಾಸಾ ಮತ್ತು ಹಾಡಿದ ಮಕ್ಕಳಲ್ಲಿ ಬಹುಪಾಲು ಆಶ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟರು. ಅವರಿಗೆ ವಿಶ್ವಾಸ ಕಡಿಮೆ ಇತ್ತಾ? ಹಾಗೆ ಹೇಳುವ ಧೈರ್ಯ ಯಾರಿಗೂ ಬೇಡ. ಅವರ ನೋವನ್ನು ನಮ್ಮ ಪ್ರಸಂಗದ ಉದಾಹರಣೆ ಮಾತ್ರ ಮಾಡಿಕೊಳ್ಳೋದೂ ಬೇಡ. ಇದೆಲ್ಲಾ ನಡೆದದ್ದು ಸಭೆಗಳು ತುಂಬಿದ್ದ ಯುರೋಪಿನಲ್ಲಿ. ದೀಕ್ಷಾಸ್ನಾನ ಆದ ಎಷ್ಟೋ ಜನ ಕೈ ಜೋಡಿಸಿದರು, ಇನ್ನೆಷ್ಟೋ ಜನ ಸುಮ್ಮನಿದ್ದರು. ಇದು ನಮ್ಮನ್ನು ಚುಚ್ಚಬೇಕು.

ಮೂರನೆಯದು, ಆರಾಧನೆಯಲ್ಲಿ ಅಳುವವರಿಗೂ ಜಾಗ ಬೇಕು. ನಮ್ಮ ಪಟ್ಟಿಯಲ್ಲಿ ಜಯದ ಹಾಡುಗಳೇ ತುಂಬಿದ್ದರೆ, ಮೌನವಾಗಿ ಕೂತ ಸಹೋದರಿ ಎಲ್ಲಿ ಹಾಡಬೇಕು? ಅವಳನ್ನು ಚಪ್ಪಾಳೆ ತಟ್ಟಿ ಅಂತ ಒತ್ತಾಯ ಮಾಡಬೇಡಿ. ಪಕ್ಕದಲ್ಲಿ ಕೂತು ಕೇಳಿ.

ಪ್ರಾರ್ಥಿಸೋಣ. ಕರ್ತನೇ, ಮರೆಯದ ಮನಸ್ಸು ಕೊಡು. ನೆರೆಯವನ ಪ್ರಾಣ ಅಪಾಯದಲ್ಲಿರುವಾಗ ಸುಮ್ಮನಿರದ ಬಾಯಿ ಕೊಡು. ಆಮೆನ್.