ಊರಿನ ಕಲ್ಲು ಓದಲು ಧಾರವಾಡಕ್ಕೆ: ಬೆಲ್ಲದ ಬಾಗೇವಾಡಿಯವರಿಗೊಂದು ಪ್ರವಾಸ ಮಾರ್ಗದರ್ಶಿ

ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯಿಂದ ಧಾರವಾಡಕ್ಕೆ ಹೋಗಿಬರುವವರು ಬಹಳ. ಹೈಕೋರ್ಟ್ ಪೀಠದ ಕೆಲಸ, ಮಕ್ಕಳ ಕಾಲೇಜು, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಎಂದು ಒಂದಿಲ್ಲೊಂದು ನೆಪ ಇದ್ದೇ ಇರುತ್ತದೆ. ಆದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋಗಿಬಂದವರು ತೀರ ವಿರಳ. ಬೆಲ್ಲದ ಬಾಗೇವಾಡಿಯಿಂದ ಹೊರಟು ಒಂದೇ ದಿನದಲ್ಲಿ ಅದನ್ನು ನೋಡಿಕೊಂಡು ಬರಬಹುದು. ಹೇಗೆ ಹೋಗಬೇಕು, ಅಲ್ಲಿ ಏನು ಕಲಿಯಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾಸ ಶುರುವಾಗಬೇಕಾದದ್ದು ನಿಮ್ಮ ಊರಿನಲ್ಲೇ. ಹೊರಡುವ ಹಿಂದಿನ ವಾರ ಹನುಮಂತ ದೇವರ ಗುಡಿಯ ಸುತ್ತ, ಅಗಸೆಯ ಬಳಿ, ಹಳೆಯ ಬಾವಿಯ ದಂಡೆಯಲ್ಲಿ ಒಮ್ಮೆ ಅಡ್ಡಾಡಿ. ಕೆತ್ತನೆ ಇರುವ ಕಲ್ಲು ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನಡುಮಧ್ಯಾಹ್ನ ತೆಗೆದರೆ ಅಕ್ಷರ ಮೂಡುವುದಿಲ್ಲ. ಮುಂಜಾನೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಕ್ಷರ ಕಾಣಲೆಂದು ಸುಣ್ಣ, ಹಿಟ್ಟು, ಚಾಕ್‌ಪೀಸ್ ಏನನ್ನೂ ಸವರಬೇಡಿ. ಗೋಕಾಕ ಜಲಪಾತದ ಕಡೆಯವರು ಕೊಣ್ಣೂರಿನ ಬಳಿಯ ಬೃಹತ್ ಶಿಲಾಸಮಾಧಿಗಳನ್ನೂ ನೋಡಿ ಬನ್ನಿ. ದೊಡ್ಡ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಮುಚ್ಚಿ ಕಟ್ಟಿದ ಇಂಥ ಕೋಣೆಗಳಿಗೆ ನಮ್ಮ ಜನ ಪಾಂಡವರ ಮನೆ ಎನ್ನುತ್ತಾರೆ. ದಕ್ಷಿಣ ಭಾರತದ ಈ ಬಗೆಯ ಸಮಾಧಿಗಳನ್ನು ಅಭ್ಯಾಸ ಮಾಡಿ 1975ರಲ್ಲಿ ಗ್ರಂಥ ಪ್ರಕಟಿಸಿದ ಅ. ಸುಂದರ ಅವರು ಇದೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು.

ಇನ್ನು ದಾರಿ. ಸ್ವಂತ ಗಾಡಿಯಿದ್ದರೆ ಹುಕ್ಕೇರಿ ಮೇಲೆ ಹಾಯ್ದು ಹತ್ತರಗಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ ಹಿಡಿದು ಬೆಳಗಾವಿ, ಕಿತ್ತೂರು ದಾಟಿ ಧಾರವಾಡ. ಹೋಗುವುದಕ್ಕೇ ಮೂರು ತಾಸು ಇಟ್ಟುಕೊಳ್ಳಿ. ಬಸ್ಸಿನವರು ಬೆಳಗಾವಿಯಲ್ಲಿ ಬದಲಿಸಬೇಕು. ಅಲ್ಲಿಂದ ಧಾರವಾಡ ಸುಮಾರು 80 ಕಿ.ಮೀ. ರೈಲು ಬೇಕೆನ್ನುವವರಿಗೆ ಘಟಪ್ರಭಾ ನಿಲ್ದಾಣವಿದೆ; ಲೋಂಡಾ, ಅಳ್ನಾವರ ಸುತ್ತಿ ಹೋಗುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಮರಳುವಾಗ ಒಂದು ಎಚ್ಚರ: ಬರೀ ಬಾಗೇವಾಡಿ ಎಂದು ಕೇಳಿದರೆ ಬೆಳಗಾವಿ-ಧಾರವಾಡ ಹೆದ್ದಾರಿಯ ಹಿರೇಬಾಗೇವಾಡಿಗೆ ಟಿಕೆಟ್ ಕೊಟ್ಟಾರು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಬೇರೆಯೇ ಇದೆ. ಹುಕ್ಕೇರಿಯ ಹೆಸರು ಸೇರಿಸಿ ಹೇಳಿ. ಧಾರವಾಡದಲ್ಲಿ ಆಟೋದವರಿಗೂ ಹಾಗೆಯೇ: ಕರ್ನಾಟಕ ಕಾಲೇಜು ಬೇರೆ, ಕರ್ನಾಟಕ ಯುನಿವರ್ಸಿಟಿ ಬೇರೆ. ಯುನಿವರ್ಸಿಟಿಯ ಕನ್ನಡ ಸಂಶೋಧನಾ ಸಂಸ್ಥೆ ಎಂದು ಸ್ಪಷ್ಟವಾಗಿ ಹೇಳಿ.

ಇದು ಪ್ರವಾಸಿಗರಿಗೆಂದೇ ತೆರೆದ ಜಾಗವಲ್ಲ, ವಿಶ್ವವಿದ್ಯಾಲಯದ ಒಂದು ಅಂಗ. ಆದ್ದರಿಂದ ರವಿವಾರ, ಸರ್ಕಾರಿ ರಜೆ, ಎರಡನೆಯ ಶನಿವಾರ ಬಿಟ್ಟು, ಕಚೇರಿಯ ವೇಳೆಯಲ್ಲಿ ಹೋಗುವುದೇ ಸರಿ. ಮುಂಚಿನ ದಿನ ಫೋನು ಮಾಡಿ ಕೇಳಿಕೊಂಡರೆ ಅಷ್ಟು ದೂರ ಹೋಗಿ ಬೀಗ ನೋಡಿ ಬರುವುದು ತಪ್ಪುತ್ತದೆ. ಮುಂಜಾನೆ ಏಳಕ್ಕೆ ಊರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮೊದಲು ಎರಡು ತಾಸು ನಿರಾಳವಾಗಿ ಸಿಗುತ್ತವೆ. ಅಷ್ಟು ಬೇಕೇ ಬೇಕು.

ಸಂಸ್ಥೆಯ ಹಿನ್ನೆಲೆ ತಿಳಿದು ಹೋದರೆ ನೋಟವೇ ಬೇರೆಯಾಗುತ್ತದೆ. 1939ರಲ್ಲಿ, ಈ ಭಾಗವಿನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಅಲ್ಲಿನ ಸರ್ಕಾರ ಇದನ್ನು ಆರಂಭಿಸಿತು. ಆರ್.ಎಸ್. ಪಂಚಮುಖಿ ಅದರ ನಿರ್ದೇಶಕರಾಗಿ ಊರೂರು ಅಲೆದು ಶಾಸನ, ಓಲೆಗರಿ, ಮೂರ್ತಿಗಳನ್ನು ಕೂಡಿಸುವ ಕೆಲಸಕ್ಕೆ ಅಡಿಪಾಯ ಹಾಕಿದರು. ವಿಶ್ವವಿದ್ಯಾಲಯ ಹುಟ್ಟಿದ್ದು ಅದರ ಹತ್ತು ವರ್ಷದ ಮೇಲೆ, 1949ರಲ್ಲಿ. ಸಂಸ್ಥೆ ಮುಂದೆ ಅದರ ತೆಕ್ಕೆಗೆ ಬಂತು. ಇಂದು ಕಾಣುವ ವಿಶಾಲ ಆವರಣವನ್ನು ಕಟ್ಟಿಸಿದ ಕುಲಪತಿ ಡಿ.ಸಿ. ಪಾವಟೆ ಗೋಕಾಕ ತಾಲ್ಲೂಕಿನ ಮಮದಾಪುರದವರು, 1954ರಿಂದ 1967ರವರೆಗೆ ಆ ಸ್ಥಾನದಲ್ಲಿದ್ದವರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಓದಿದ್ದೂ ಇಲ್ಲಿಯೇ. ಅವರು ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ನಾವು ಹೋಗುತ್ತಿರುವುದು ಪರರ ಮನೆಗಲ್ಲ.

ಒಳಗೆ ಮೂರ್ತಿ, ಶಾಸನ, ತಾಮ್ರಪಟ, ನಾಣ್ಯ, ಆಯುಧ, ಓಲೆಗರಿಯ ಕಟ್ಟುಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಮೊದಲು ಒಂದು ವೀರಗಲ್ಲಿನ ಮುಂದೆ ನಿಲ್ಲಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನಗಳಿದ್ದರೆ ಸತ್ತವನು ತುರು ಬಿಡಿಸಲು ಹೋದವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರರು. ಬರಹವಿದ್ದರೆ ಈ ಪಟ್ಟಿಗಳ ನಡುವಿನ ಅಂಚಿನಲ್ಲಿ ಹುಡುಕಿ. ಬಳೆ ತೊಟ್ಟ ಕೈಯೊಂದು ಮೇಲೆದ್ದಿದ್ದರೆ ಅದು ಸತಿ ಹೋದ ಹೆಣ್ಣಿನ ನೆನಪಿನ ಮಾಸ್ತಿಕಲ್ಲು. ಹಸು-ಕರು, ಲಿಂಗ, ಖಡ್ಗ, ಸೂರ್ಯ ಚಂದ್ರರ ಕೆಳಗೆ ಸಾಲುಸಾಲು ಅಕ್ಷರವಿದ್ದರೆ ಬಹುಮಟ್ಟಿಗೆ ದಾನಶಾಸನ. ಇಷ್ಟು ಕಲಿತ ಮೇಲೆ ಮೊಬೈಲಿನಲ್ಲಿರುವ ನಿಮ್ಮ ಊರಿನ ಕಲ್ಲಿನ ಚಿತ್ರ ತೆರೆದು ನೋಡಿ. ಎಣ್ಣೆ ಹಾಕಿ ಕೈಮುಗಿಯುತ್ತಿದ್ದ ಕಲ್ಲಿನಲ್ಲಿ ಯಾರದೋ ಸಾವಿನ ಕಥೆ ಇರುವುದು ಆಗ ತಿಳಿಯುತ್ತದೆ. ವಿಶ್ವವಿದ್ಯಾಲಯದ ಸಂಗ್ರಹಾಲಯದಿಂದ ಸಾಮಾನ್ಯ ಜನರಿಗೆ ಆಗಬೇಕಾದ ದೊಡ್ಡ ಉಪಕಾರ ಇದೇ ಎಂದು ನನ್ನ ಗಟ್ಟಿ ನಂಬಿಕೆ.

ತಾಮ್ರಪಟದ ಹತ್ತಿರ ಅದರ ಬಳೆ, ಮುದ್ರೆಗಳನ್ನು ಗಮನಿಸಿ. ಗೋಕಾಕದಲ್ಲಿ ಸಿಕ್ಕ ದೇಜ್ಜ ಮಹಾರಾಜನೆಂಬ ಅರಸನ ಕಾಲದ ತಾಮ್ರಪಟ ಇತಿಹಾಸಕಾರರಿಗೆಲ್ಲ ಗೊತ್ತು, ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಓಲೆಗರಿಯಲ್ಲಿ ಅಕ್ಷರಗಳನ್ನು ಕಂಠವೆಂಬ ಲೋಹದ ಲೇಖನಿಯಿಂದ ಕೊರೆದು, ಮೇಲೆ ಮಸಿ ಸವರಿ ಒರೆಸುತ್ತಿದ್ದರು. ಇಂಥ ಕಟ್ಟುಗಳನ್ನು ಬಿಚ್ಚಿ ಪಾಠಾಂತರ ಹಿಡಿದು ವಚನಗಳನ್ನು ಸಂಪಾದಿಸಿದ ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿಯವರಂಥವರು ಕೆಲಸ ಮಾಡಿದ ವಿಶ್ವವಿದ್ಯಾಲಯ ಇದು. ಇಲ್ಲಿ ವಸ್ತುವಿನ ಪಕ್ಕದಲ್ಲೇ ಅದನ್ನು ಓದಬಲ್ಲವರೂ ಇರುತ್ತಾರೆ. ಸಂಕೋಚ ಬಿಟ್ಟು ಕೇಳಿ.

ನೆಲದ ವಸ್ತು ಹತ್ತಿರದಲ್ಲೇ ಉಳಿಯುವುದು ಏಕೆ ಮುಖ್ಯ ಎಂಬುದಕ್ಕೆ ಬೆಳಗಾವಿಯದೇ ನಿದರ್ಶನವಿದೆ. ಈ ಭಾಗವನ್ನಾಳಿದ ರಟ್ಟ ವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಎರಡು ಬೆಳಗಾವಿ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವು. ಕೋಟೆಯೊಳಗಿನ ಕಮಲ ಬಸದಿ ಇಲ್ಲಿ, ಆ ಕಾಲದ ಬರಹ ಅಲ್ಲಿ. ವಿಶ್ವವಿದ್ಯಾಲಯದ ಸಂಗ್ರಹ ಜನರಿಗೂ ಸೇರಿದ್ದೆಂಬುದು ಹೊಸ ಮಾತೇನಲ್ಲ: ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ವಸ್ತುಸಂಗ್ರಹಾಲಯ 1683ರಲ್ಲೇ ಜನರಿಗೆ ಬಾಗಿಲು ತೆರೆದಿತ್ತು. ಅಂಥ ಅವಕಾಶ ನಮಗೆ ಬಸ್ಸಿನ ದಾರಿಯಲ್ಲೇ ಇರುವಾಗ ಬಳಸಿಕೊಳ್ಳದಿರುವುದು ನಷ್ಟ.

ಶಾಲೆಯ ಪ್ರವಾಸ ಒಯ್ಯುವ ಶಿಕ್ಷಕರು ಮುಖ್ಯೋಪಾಧ್ಯಾಯರ ಪತ್ರವನ್ನು ನಿರ್ದೇಶಕರಿಗೆ ಮೊದಲೇ ಕಳಿಸಿ, ವಿವರಿಸಲು ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಕೊಡಲು ಕೇಳಿಕೊಳ್ಳಬೇಕು. ಇಡೀ ತರಗತಿಯನ್ನು ಒಮ್ಮೆಲೇ ಒಳಗೆ ನುಗ್ಗಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ. ಚಿಕ್ಕ ಗುಂಪು ಮಾಡಿ, ಪ್ರತಿ ಮಗುವಿಗೆ ಒಂದೇ ವಸ್ತು ಆರಿಸಿ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಲು ಹೇಳಿ. ಬಿಡಿಸುವ ಕೈ ಕಣ್ಣನ್ನು ನಿಲ್ಲಿಸುತ್ತದೆ.

ಮರಳುವ ದಾರಿಯಲ್ಲಿ ಹೊತ್ತಿದ್ದರೆ ಕಿತ್ತೂರು ಕೋಟೆಯ ಸಂಗ್ರಹಾಲಯ ಸೇರಿಸಿಕೊಳ್ಳಿ. ಮೈಸೂರಿಗೆ ಹೋಗುವ ಯೋಗವಿದ್ದರೆ ಅಲ್ಲಿನ ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ತಪ್ಪಿಸಬೇಡಿ. ದುರಸ್ತಿಯ ಕಾರಣ ತೆರೆದಿದೆಯೋ ಇಲ್ಲವೋ ಕೇಳಿಕೊಂಡು ಹೋಗಿ. ರೈತನ ಮನೆಬಳಕೆಯ ಸಾಮಾನೂ ಪಾಠದ ವಸ್ತುವೆಂದು ಅದು ತೋರಿಸಿಕೊಟ್ಟಿದೆ. ಅದನ್ನು ನೋಡಿದ ಮೇಲೆ ನಮ್ಮ ಬೆಲ್ಲದ ಗಾಣ, ಕೊಪ್ಪರಿಗೆ, ಅಚ್ಚುಗಳನ್ನು ಗುಜರಿಗೆ ಹಾಕಲು ಮನಸ್ಸು ಬಾರದು.

ಕೊನೆಯದಾಗಿ ಒಂದು ವಿನಂತಿ. ಊರಿನ ಕಲ್ಲಿಗೆ ಬಣ್ಣ ಬಳಿಯಬೇಡಿ, ಗುಡಿ ಹೊಸದು ಮಾಡುವಾಗ ಅಡಿಪಾಯಕ್ಕೆ ಹಾಕಬೇಡಿ. ಅಟ್ಟದ ಮೇಲೆ ಓಲೆಗರಿ ಇದ್ದರೆ ಹೊಳೆಗೆ ಬಿಡುವ ಮುನ್ನ ಸಂಸ್ಥೆಯವರಿಗೆ ತೋರಿಸಿ. ಹೊಲ ಉಳುವಾಗ ನಾಣ್ಯ, ತಾಮ್ರಪಟ ಸಿಕ್ಕರೆ ಕರಗಿಸಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.